ನನ್ನ ಭುಜ, ಓರಗಿತ್ತಿಯ ಬಾಯಿ

ನನ್ನ ಓರಗಿತ್ತಿಯನ್ನು ಸೃಷ್ಟಿ ಮಾಡುವ ದಿನ ಬ್ರಹ್ಮನ ಉಗ್ರಾಣದಲ್ಲಿ ದಾಕ್ಷಿಣ್ಯದ ದಾಸ್ತಾನು ಮುಗಿದುಹೋಗಿತ್ತು! ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಾವಿರುವ ಈ ಪರದೇಶದಲ್ಲಿ ಲಿವರ್‌ಮೋರಿನಿಂದ ಫಾಸ್ಟರ್ ಸಿಟಿಯವರೆಗೆ ಯಾವ ಕನ್ನಡದವರ ಮನೆಯಲ್ಲಿ ಬೇಕಾದರೂ ವಿಚಾರಿಸಿ. "ಅಯ್ಯೋ, ಅವರಾ!" ಎಂದು ಶುರು ಮಾಡುತ್ತಾರೆ. ಮುಗಿಸುವ ಹೊತ್ತಿಗೆ ನಿಮ್ಮ ಮುಂದಿನ ಉಪ್ಪಿಟ್ಟು ಆರಿ ಕಲ್ಲಾಗಿರುತ್ತದೆ.

ಓರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಮಂಡ್ಯದ ಕಡೆಯವರು, ಅರವತ್ತು ದಾಟಿದೆ, ಲಿವರ್‌ಮೋರಿನಲ್ಲಿ ಮನೆ. ನಾನು ಕರೆಯುವುದು 'ಅಕ್ಕ' ಎಂದು. ಒಮ್ಮೆ ಹೊಸದಾಗಿ ಪರಿಚಯವಾದವರೊಬ್ಬರ ಮನೆಗೆ ಇಬ್ಬರೂ ಹೋದೆವು. ಮನೆಯಾಕೆ ಬಾಗಿಲಲ್ಲೇ, "ಕಾಫಿ ಮಾಡ್ಲಾ?" ಎಂದರು. ಇದಕ್ಕೆ ನಮ್ಮಲ್ಲಿ ಉತ್ತರ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. "ಅಯ್ಯೋ ಬೇಡಿ, ಈಗಷ್ಟೇ ಕುಡ್ಕೊಂಡು ಬಂದ್ವಿ" ಅನ್ನಬೇಕು. ಅಕ್ಕ ಹೇಳಿದ್ದು, "ಮಾಡಿ. ಡಿಕಾಕ್ಷನ್ ಗಟ್ಟಿಯಾಗಿರ್ಲಿ. ಲೋಟ ದೊಡ್ಡದಿರ್ಲಿ." ಆಕೆ ಪೆಚ್ಚಾಗಿ ಫ್ರಿಜ್ಜು ತೆಗೆದರೆ ಒಳಗೆ ಹಾಲೇ ಇಲ್ಲ! ಪಾಪ, ನಾವು ಬೇಡ ಎನ್ನುತ್ತೇವೆಂಬ ಧೈರ್ಯದ ಮೇಲೆ ಕೇಳಿದ್ದರು. "ಅದಕ್ಯಾಕೆ ಮುಖ ಸಣ್ಣ ಮಾಡ್ಕತೀರಾ, ಬನ್ನಿ ತರಾಣ" ಎಂದು ಅಕ್ಕ ಆಕೆಯನ್ನು ತಮ್ಮ ವ್ಯಾನಿನಲ್ಲೇ ಗ್ರೋಸರಿಗೆ ಕರೆದುಕೊಂಡು ಹೋದರು. ಹಾಲಿನ ಜೊತೆ ಅಕ್ಕನಿಗೆ ಇಷ್ಟವಾದ ಬಿಸ್ಕತ್ತೂ ಬಂತು. ತಮಾಷೆ ಏನೆಂದರೆ ಈಗ ಅವರಿಬ್ಬರೂ ಜೀವದ ಗೆಳತಿಯರು, ನನ್ನನ್ನು ಯಾರೂ ಕರೆಯುವುದಿಲ್ಲ.

ಇನ್ನೊಂದು ಭಾನುವಾರ ಅವರ ಮನೆಗೆ ಊಟಕ್ಕೆ ಬಂದ ನಾಲ್ಕು ಜನರಲ್ಲಿ ಊಟವಾದ ಮೇಲೂ ಏಳುವ ಲಕ್ಷಣ ಕಾಣಲಿಲ್ಲ. ನಾನಾಗಿದ್ದರೆ ಆಕಳಿಕೆ ನುಂಗಿಕೊಂಡು ಎರಡನೇ ಸುತ್ತು ಟೀ ಮಾಡುತ್ತಿದ್ದೆ. ಅಕ್ಕ ಎದ್ದು ನಿಂತು, "ನಂಗೆ ನಿದ್ದೆ ಬತ್ತಾದೆ. ನೀವು ಕೂತ್ಕಳಿ, ಇಲ್ಲಾ ಹೊರಡಿ, ನಿಮ್ಮಿಷ್ಟ" ಎಂದು ಹೇಳಿ ಒಳಗೆ ಹೋಗಿ ಮಲಗಿಯೇ ಬಿಟ್ಟರು. ಬಂದವರಿಗೆ ಹೇಳದೆ ಹೊರಡಲು ಸಂಕೋಚ. ಆದ್ದರಿಂದ ಅಕ್ಕ ಏಳುವವರೆಗೆ ಕಾಯುತ್ತಾ ಕೂತರು. ಕೂತು ಕೂತು ಬೇಜಾರಾಗಿ ಪಾತ್ರೆ ತೊಳೆದು, ಡ್ರೈಯರಿನಲ್ಲಿದ್ದ ಬಟ್ಟೆ ಮಡಚಿಟ್ಟರು!

ಇಂಥವರ ಓರಗಿತ್ತಿಯಾದ ನಾನು ಹಾಸನದವಳು, ದಾಕ್ಷಿಣ್ಯದಲ್ಲಿ ಅದ್ದಿ ತೆಗೆದವಳು. ನಮ್ಮ ಮನೆಯಲ್ಲಿ ಬಡಿಸಲು ಬಂದವರಿಗೆ ಮೊದಲ ಸಲ 'ಬೇಡ' ಅನ್ನಬೇಕು, ಎರಡನೇ ಸಲ ಎಲೆಗೆ ಅಡ್ಡ ಕೈ ಹಿಡಿಯಬೇಕು, ಮೂರನೇ ಸಲ 'ಅಯ್ಯೋ, ಇಷ್ಟೊಂದಾ!' ಎಂದು ಗೊಣಗುತ್ತಾ ತಿನ್ನಬೇಕು. ಮೊದಲ ಸಲವೇ ಹಾಕಿಸಿಕೊಂಡವನು ಹೊಟ್ಟೆಬಾಕ. ಮೂರು ಸಲ ಕೇಳದೆ ಹೋದವನು ಜಿಪುಣ. ಇಬ್ಬರೂ ನಿಯಮ ಪಾಲಿಸಿದರೆ ಯಾರಿಗೂ ಹಸಿವಾಗುವುದಿಲ್ಲ. ವಾಲ್ನಟ್ ಕ್ರೀಕಿಗೆ ಬಂದು ಇಷ್ಟು ವರ್ಷವಾದರೂ ನನ್ನ ರಕ್ತದಿಂದ ಇದು ಹೋಗಿಲ್ಲ. ಇಲ್ಲಿಯವರಿಗೆ ಈ ನಿಯಮ ಗೊತ್ತಿಲ್ಲ ಎಂಬುದು ತಲೆಗೆ ಗೊತ್ತು, ನಾಲಗೆಗೆ ಗೊತ್ತಿಲ್ಲ.

ಹೀಗಿರುವಾಗ ನನ್ನ ಬಲಭುಜ ಮುಷ್ಕರ ಹೂಡಿತು. ಮೊದಲು ಜಡೆ ಹೆಣೆಯಲು ಕೈ ಹಿಂದೆ ಹೋಗಲಿಲ್ಲ. ಆಮೇಲೆ ರವಿಕೆ ಹಾಕಿಕೊಳ್ಳುವುದು ಒಂದು ಸರ್ಕಸ್ಸಾಯಿತು. ಸೀಟ್ ಬೆಲ್ಟ್ ಎಳೆಯಲು ಮೈಯನ್ನೇ ತಿರುಗಿಸಬೇಕು. ಆಫೀಸಿನಲ್ಲಿ ಬಿಳಿ ಬೋರ್ಡಿನ ಮೇಲೆ ಬರೆಯಲು ಹೋದರೆ ನನ್ನ ಅಕ್ಷರಗಳೆಲ್ಲ ಬೋರ್ಡಿನ ಬುಡದಲ್ಲಿ, ಒಂದನೇ ಕ್ಲಾಸಿನ ಮಗು ಗೋಡೆಗೆ ಗೀಚಿದ ಹಾಗೆ! 'ಫ್ರೋಜನ್ ಶೋಲ್ಡರ್' ಎಂದರು ಡಾಕ್ಟರು. ಭುಜದ ಕೀಲನ್ನು ಸುತ್ತಿಕೊಂಡಿರುವ ಚೀಲ ಬಿಗಿದು ದಪ್ಪಗಾಗಿದೆಯಂತೆ. ಕಾರಣ ಇಂಥದ್ದೇ ಎಂದು ಹೇಳಲು ಆಗುವುದಿಲ್ಲವಂತೆ. ಕನ್ನಡದ ಗೆಳತಿಯರಿಗೆ ಮಾತ್ರ ಕಾರಣವೂ ಗೊತ್ತಿತ್ತು, ಮದ್ದೂ ಗೊತ್ತಿತ್ತು. ಹರಳೆಣ್ಣೆ, ಎಳ್ಳೆಣ್ಣೆ, ಉಪ್ಪಿನ ಶಾಖ ಎಲ್ಲ ಆಯಿತು. ಮನೆಯ ತುಂಬ ಎಣ್ಣೆಯ ವಾಸನೆ ಹಿಡಿಯಿತೇ ಹೊರತು ಭುಜ ಬಿಡಲಿಲ್ಲ.

ಡಾಕ್ಟರು ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ನು ಕೊಡೋಣ ಎಂದರು. ಒಳ್ಳೆಯ ಮನುಷ್ಯ, ಮೆಲುಮಾತಿನವರು. ಮೊದಲು ಸಣ್ಣ ಸೂಜಿಯಲ್ಲಿ ಮರಗಟ್ಟಿಸುವ ಔಷಧಿ ಕೊಟ್ಟು, ಅಲ್ಲಿ ಒತ್ತಿ ನೋಡಿ, "ಇನ್ನೂ ನೋವು ಗೊತ್ತಾಗ್ತಿದೆಯಾ? ಇನ್ನಷ್ಟು ಕೊಡಲಾ?" ಎಂದು ಕೇಳಿದರು. ಚೆನ್ನಾಗಿಯೇ ಗೊತ್ತಾಗುತ್ತಿತ್ತು. ಆದರೆ ಮೊದಲನೇ ಸಲಕ್ಕೇ ಹೌದು ಅನ್ನುವುದೇ? "ನೋ ನೋ ಡಾಕ್ಟರ್, ಐ ಆಮ್ ಫೈನ್" ಎಂದು ನಕ್ಕೆ. ಎರಡನೇ ಬಲವಂತಕ್ಕಾಗಿ ಕಾದೆ. ಎಲ್ಲಿಯ ಬಲವಂತ! "ಗ್ರೇಟ್" ಎಂದವರೇ ದೊಡ್ಡ ಸೂಜಿ ತೆಗೆದುಕೊಂಡರು. ಕೀಲಿನ ಒಳಗೆ ಅದು ಇಳಿದಾಗ ನನಗೆ ಹಾಸನದ ಹಾಸನಾಂಬೆಯಿಂದ ಹಿಡಿದು ಲಿವರ್‌ಮೋರಿನ ದೇವಸ್ಥಾನದ ದೇವರವರೆಗೆ ಎಲ್ಲರೂ ಸಾಲಾಗಿ ಕಂಡರು. ಎದ್ದು ಬರುವಾಗ ಕಣ್ಣಲ್ಲಿ ಧಾರಾಕಾರ ನೀರು, ಬಾಯಲ್ಲಿ "ಥ್ಯಾಂಕ್ಯೂ ಸೋ ಮಚ್".

ಸಂಜೆ ಆಸ್ಪತ್ರೆಯ ಆ್ಯಪಿನಲ್ಲಿ ಡಾಕ್ಟರ ಟಿಪ್ಪಣಿ ಬಂತು. 'ರೋಗಿ ಚಿಕಿತ್ಸೆಯನ್ನು ಚೆನ್ನಾಗಿ ಸಹಿಸಿಕೊಂಡರು' ಎಂದು ಬರೆದಿದ್ದರು. ನನ್ನ ಗಂಡ ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ಮಗಳಿಗೆ ರ‍್ಯಾಂಕ್ ಬಂದಷ್ಟು ಹೆಮ್ಮೆಪಟ್ಟರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಫಿಸಿಯೋಥೆರಪಿ. ಆಕೆ ನನ್ನ ವಯಸ್ಸಿನವರೇ, ಬೆಚ್ಚಗಿನ ಕೈಯವರು. ಕೈಯನ್ನು ಎತ್ತಿ ಎತ್ತಿ, "ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?" ಎಂದು ಕೇಳುತ್ತಿದ್ದರು. ಒಳಗೆ ಒಂಬತ್ತು ನಡೆಯುತ್ತಿರುತ್ತಿತ್ತು. ನಾನು "ಎರಡು" ಅನ್ನುತ್ತಿದ್ದೆ. ಅಷ್ಟು ಪ್ರೀತಿಯಿಂದ ಕೈ ಹಿಡಿದವರಿಗೆ ಒಂಬತ್ತು ಎಂದರೆ ಮನಸ್ಸಿಗೆ ನೋವಾಗುವುದಿಲ್ಲವೇ? ಆಕೆ ಖುಷಿಯಾಗಿ, "ಎರಡೇನಾ? ಹಾಗಾದ್ರೆ ಇನ್ನೂ ಸ್ವಲ್ಪ ಮೇಲೆ ಹೋಗೋಣ!" ಅನ್ನುತ್ತಿದ್ದರು. ಹತ್ತನೇ ಕ್ಲಾಸಿನ ಮಗಳು ಒಮ್ಮೆ ಜೊತೆಗೆ ಬಂದು ನೋಡಿ, ಕಾರಿನಲ್ಲಿ ಕಿರುಚಿದಳು. "ಅಮ್ಮ, ಜಸ್ಟ್ ಟೆಲ್ ಹರ್ ಇಟ್ ಹರ್ಟ್ಸ್!"

"ಅವ್ರು ಬೇಜಾರು ಮಾಡ್ಕೋತಾರೆ ಪುಟ್ಟಾ."

"ಇಟ್ಸ್ ಹರ್ ಜಾಬ್!"

ಹೇಳುವುದೇನೋ ಸುಲಭ. ತಿಂಗಳೆರಡಾದರೂ ಕೈ ಮೇಲೇಳಲಿಲ್ಲ. ಡಾಕ್ಟರು ಮುಂದಿನ ಚಿಕಿತ್ಸೆ ಹೇಳಿದರು. ಕೀಲಿನ ಚೀಲದೊಳಕ್ಕೆ ಸೂಜಿಯಿಂದ ಉಪ್ಪುನೀರಿನಂಥ ದ್ರವ ತುಂಬಿ, ಒಳಗಿನಿಂದಲೇ ಅದನ್ನು ಹಿಗ್ಗಿಸುವುದು. ಮಾಡಿಸಿಕೊಂಡರೆ ಕೈ ಸಡಿಲವಾಗುವ ಸಾಧ್ಯತೆ ಚೆನ್ನಾಗಿದೆ, ಹೀಗೇ ಬಿಟ್ಟರೆ ಬಿಗಿತ ಬಹಳ ಕಾಲ ಉಳಿಯಬಹುದು, ಆಮೇಲೆ ಆಪರೇಷನ್ನಿನ ಮಾತು ಬರಬಹುದು ಎಂದರು. ನಾನು ನಗುತ್ತಾ ದಿನ ಗೊತ್ತು ಮಾಡಿಕೊಂಡು ಬಂದೆ. ಹಿಂದಿನ ದಿನ ಫೋನು ಮಾಡಿ ಕ್ಯಾನ್ಸಲ್ ಮಾಡಿದೆ. ಗಂಡನಿಗೆ, "ಡಾಕ್ಟರು ಊರಲ್ಲಿಲ್ವಂತೆ" ಎಂದೆ. ಆ ದೊಡ್ಡ ಸೂಜಿ ಮತ್ತೆ ನನ್ನ ಭುಜದೊಳಗೆ ಇಳಿಯುವುದಾದರೆ, ಬಲಗೈ ಇಲ್ಲದೆಯೇ ಉಳಿದ ಆಯುಸ್ಸು ಕಳೆಯುತ್ತೇನೆ ಎಂದು ನಿಜವಾಗಿ ತೀರ್ಮಾನಿಸಿದ್ದೆ. ಎಡಗೈಯಲ್ಲಿ ಅನ್ನ ಕಲಸುವುದನ್ನು ಅಭ್ಯಾಸ ಕೂಡ ಮಾಡುತ್ತಿದ್ದೆ!

ಮರುದಿನ ಮಧ್ಯಾಹ್ನ ಅಕ್ಕನ ಫೋನು ಬಂತು.

"ಇಂಜೆಕ್ಷನ್ ಎಂಗಾಯ್ತಮ್ಮಿ?"

"ಡಾಕ್ಟರು ಊರಲ್ಲಿಲ್ಲ ಅಕ್ಕ."

"ಯಾವೂರ್ಗೆ ಹೋದ್ರು? ತಡಿ, ಫೋನ್ ಮಾಡಿ ಕೇಳ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಇದು ಬಾಯಿಮಾತು. ಅಕ್ಕ ಮಾಡಿಯೇ ಬಿಡುತ್ತಾರೆ! "ಬೇಡ ಅಕ್ಕ, ಬೇಡ! ನಾನೇ ಕ್ಯಾನ್ಸಲ್ ಮಾಡಿದೆ" ಎಂದೆ. ಯಾಕೆ ಎಂದರು. ಯಾರಿಗೂ ಹೇಳದಿದ್ದುದು ಆಗ ಬಾಯಿಂದ ಬಂತು. "ಭಯ ಅಕ್ಕ. ತುಂಬಾ ನೋವಾಗುತ್ತೆ."

ಬೈಯುತ್ತಾರೆ ಎಂದು ಕಾದೆ. "ಡಾಕ್ಟ್ರಿಗೆ ಹೇಳ್ದ್ಯಾ?" ಎಂದರು. ಇಲ್ಲ ಎಂದೆ. "ಸರಿ, ದಿನ ತಗೋ. ನಾನು ಬತ್ತೀನಿ" ಎಂದು ಫೋನು ಇಟ್ಟರು.

ಹೊಸದಾಗಿ ಗೊತ್ತು ಮಾಡಿದ ದಿನ ಬೆಳಿಗ್ಗೆಯೇ ಲಿವರ್‌ಮೋರಿನಿಂದ ಎರಡು ಫ್ರೀವೇ ದಾಟಿಕೊಂಡು ಅಕ್ಕನ ಹಳೇ ವ್ಯಾನು ನಮ್ಮ ಮನೆ ಮುಂದೆ ಬಂದು ನಿಂತಿತು. ಕೈಯಲ್ಲಿ ಮೊಸರನ್ನದ ಡಬ್ಬಿ, ಯಾರದೋ ಗೃಹಪ್ರವೇಶದ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡ ಪ್ರಶ್ನೆಗಳ ಪಟ್ಟಿ. ಆಸ್ಪತ್ರೆಯಲ್ಲಿ ಡಾಕ್ಟರು ಒಳಗೆ ಬರುತ್ತಿದ್ದಂತೆಯೇ, 'ಹೇಗಿದ್ದೀರಿ' ಎನ್ನಲೂ ಬಿಡದೆ ಶುರು ಮಾಡಿದರು. ಅಕ್ಕನ ಇಂಗ್ಲಿಷನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಅದು ಹೇಗಿದ್ದರೂ ಮಂಡ್ಯದ ಧಾಟಿಯಲ್ಲೇ ಇರುತ್ತದೆ.

"ಡಾಕ್ಟ್ರೇ, ಹೋದ್ಸಲ ಇವ್ಳಿಗೆ ಜೀವ ಹೋಗೋಷ್ಟು ನೋವಾಯ್ತು. ನಿಮ್ಗೆ ಹೇಳ್ಲಿಲ್ಲ."

ಡಾಕ್ಟರು ಬೆಚ್ಚಿ ನನ್ನ ಕಡೆ ತಿರುಗಿದರು. "ಹೌದಾ? ನೀವು ಚೆನ್ನಾಗಿದ್ದೀನಿ ಅಂದಿದ್ರಿ!"

"ಇಲ್ಲ ಇಲ್ಲ, ಅಷ್ಟೇನಿಲ್ಲ..." ಎಂದು ನಾನು ನಕ್ಕೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನೋಡಿ, ನಗ್ತಾವ್ಳೆ! ಇವ್ಳು ನಕ್ರೆ ನೋವು ಅಂತ ತಿಳ್ಕಳಿ," ಎಂದರು ಅಕ್ಕ. "ನಮ್ಮೂರ್ ಕಡೆ ಊಟಕ್ಕೆ ಕೂತೋರು ಮೂರು ಸಲ ಬೇಡ ಅಂತಾರೆ. ಬಡಿಸೋರು ನಾಕು ಸಲ ಕೇಳ್ತಾರೆ. ನೀವು ಒಂದೇ ಸಲ ಕೇಳಿ ಸುಮ್ನಾದ್ರಿ. ಇವ್ಳು ಹಸ್ಕಂಡೇ ಎದ್ದು ಬಂದ್ಲು."

ಡಾಕ್ಟರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಸ್ಟೂಲು ಎಳೆದುಕೊಂಡು ನನ್ನ ಎದುರು ಕೂತರು. "ನನ್ನದೂ ತಪ್ಪಿದೆ. ನಿಮ್ಮ ಮುಖ ನೋಡಬೇಕಿತ್ತು," ಎಂದರು. ಅಕ್ಕ ಪಟ್ಟಿ ತೆಗೆದು ಒಂದೊಂದೇ ಕೇಳಿದರು. ಮುಂಚೆ ನೋವಿನ ಮಾತ್ರೆ ಕೊಡಬಹುದಾ? ಭುಜಕ್ಕೆ ಹೋಗುವ ನರವನ್ನೇ ಮೊದಲು ಮರಗಟ್ಟಿಸಬಹುದಾ? ಮರಗಟ್ಟುವವರೆಗೆ ಕಾಯಲು ನಿಮಗೆ ಪುರುಸೊತ್ತಿದೆಯಾ? ಆ ನೀರನ್ನು ಫ್ರಿಜ್ಜಿಂದ ತೆಗೆದು ಹಾಗೇ ಹಾಕುತ್ತೀರಾ, ಬೆಚ್ಚಗೆ ಮಾಡುತ್ತೀರಾ? ಬಾಣಂತಿಗೆ ಎಣ್ಣೆನೀರು ಹಾಕುವವರು ಕೇಳುವ ಹಾಗೆ ಕೇಳಿದರು! ಎಲ್ಲಕ್ಕೂ ದಾರಿ ಇತ್ತು. ನರಕ್ಕೆ ಔಷಧಿ ಕೊಟ್ಟು ಪೂರ್ತಿ ಕಾಯೋಣ, ದ್ರವವನ್ನು ಮೈ ಶಾಖಕ್ಕೆ ತಂದು ನಿಧಾನವಾಗಿ ತುಂಬೋಣ, ಬೇಕೆಂದಾಗ ನಿಲ್ಲಿಸೋಣ ಎಂದರು ಡಾಕ್ಟರು. ಇಷ್ಟೆಲ್ಲ ಸೌಕರ್ಯ ಅಲ್ಲಿಯೇ ಇತ್ತು, ಕೇಳುವ ಬಾಯಿ ಮಾತ್ರ ನನಗಿರಲಿಲ್ಲ.

"ನೋವಾದರೆ ಕೈ ಎತ್ತಿ," ಎಂದರು ಡಾಕ್ಟರು.

"ಕೈ ಎತ್ತಕ್ಕಾಗಿದ್ರೆ ಇಲ್ಲಿಗ್ಯಾಕ್ ಬತ್ತಿದ್ಲು?"

ಈಗ ಡಾಕ್ಟರು ನಕ್ಕರು, ನರ್ಸೂ ನಕ್ಕರು, ಮೊದಲ ಸಲ ನೋವಿಲ್ಲದೆ ನಾನೂ ನಕ್ಕೆ. ಕೊನೆಗೆ 'ಅಯ್ಯೋ' ಎಂಬುದೇ ನಿಲ್ಲಿಸುವ ಮಾತು ಎಂದು ನಿಶ್ಚಯವಾಯಿತು. ಡಾಕ್ಟರು ಅದನ್ನು ನಾಲ್ಕು ಸಲ ಅಭ್ಯಾಸ ಮಾಡಿದರು.

ನರದ ಹತ್ತಿರ ಔಷಧಿ ಕೊಟ್ಟು ಕಾದರು. ಒತ್ತಿ ನೋಡಿ, "ಗೊತ್ತಾಗ್ತಿದೆಯಾ?" ಎಂದರು. "ಇಲ್ಲ" ಎಂದೆ. ಮತ್ತೆ ಕೇಳಿದರು. ಮೂರನೇ ಸಲವೂ ಕೇಳಿದಾಗ ತಡೆಯಲಾರದೆ, "ಸ್ವಲ್ಪ... ಇಲ್ಲಿ..." ಎಂದೆ. ಅಲ್ಲಿಗೂ ಔಷಧಿ ಬಿತ್ತು. ಆಮೇಲೆ ಸ್ಕ್ಯಾನಿನ ಪರದೆಯ ಮೇಲೆ ನೋಡಿಕೊಂಡು ದೊಡ್ಡ ಸೂಜಿ ಇಳಿಸಿದರು. ನಾನು ಹಲ್ಲು ಕಚ್ಚಿ ಕಾದೆ. ಒಂದು ಒತ್ತಡ, ಅಷ್ಟೇ! ದ್ರವ ತುಂಬುತ್ತಾ ಬಂದಾಗ ಭುಜ ಉಬ್ಬಿದಂತೆ, ಬಿಗಿಯಾದಂತೆ ಆಯಿತು. ಒಂದು ಹಂತದಲ್ಲಿ ಚುರುಕ್ ಎಂದಿತು. ಹಾಳು ಅಭ್ಯಾಸ, ನಾನು ಉಸಿರು ಬಿಗಿಹಿಡಿದು ಮುಗುಳ್ನಕ್ಕೆ.

"ಅಯ್ಯೋ!" ಎಂಬ ಕೂಗು ಕೋಣೆ ತುಂಬಿತು. ಕೂಗಿದ್ದು ನನ್ನ ತಲೆಯ ಹತ್ತಿರ ನಿಂತಿದ್ದ ಅಕ್ಕ. ಡಾಕ್ಟರು ಥಟ್ಟನೆ ನಿಲ್ಲಿಸಿ, "ಯಾರು ಹೇಳಿದ್ದು? ರೋಗಿಯಾ, ನೀವಾ?" ಎಂದರು.

"ಒಂದೇ ಮನೆಯೋರು ಕಣ್ರಿ," ಎಂದರು ಅಕ್ಕ.

ನಿಲ್ಲಿಸಿ, ಕಾದು, ಮತ್ತೆ ಮೆಲ್ಲಗೆ ತುಂಬಿದರು. ಎರಡನೇ 'ಅಯ್ಯೋ' ನನ್ನ ಬಾಯಿಂದಲೇ ಬಂತು! ಸಣ್ಣ ದನಿಯಲ್ಲಿ ಬಂತು, ಆದರೂ ನಿಲ್ಲಿಸಿದರು. ನಾನು ನೋವು ಎಂದೆ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ. ನಲವತ್ತೆಂಟನೇ ವಯಸ್ಸಿನಲ್ಲಿ ನನಗೆ ಅದೊಂದು ದೊಡ್ಡ ಸಮಾಚಾರ. ಎಲ್ಲ ಮುಗಿದ ಮೇಲೆ ಡಾಕ್ಟರು ನನ್ನ ಕೈಯನ್ನು ಮೆಲ್ಲಗೆ ಎತ್ತಿದರು. ಎದೆಯ ಮಟ್ಟ ದಾಟಿತು. ಕೆನ್ನೆಯ ಮಟ್ಟಕ್ಕೆ ಬಂತು. ನಾನು ಅತ್ತುಬಿಟ್ಟೆ. ಡಾಕ್ಟರು ಗಾಬರಿಯಾಗಿ ಅಕ್ಕನ ಮುಖ ನೋಡಿದರು. "ಇದು ನೋವಲ್ಲ, ಅಳ್ಲಿ ಬುಡಿ," ಎಂದರು ಅಕ್ಕ.

ಮನೆಗೆ ಹೊರಡುವ ಮುಂಚೆ ವ್ಯಾನಿನಲ್ಲಿ ಮೊಸರನ್ನ ತಿನ್ನಿಸಿದರು. ನಾನು ಏನೇನೋ ಹೇಳಬೇಕೆಂದುಕೊಂಡೆ. ಇಷ್ಟು ವರ್ಷ ಇವರ ಜೊತೆ ಯಾರ ಮನೆಗಾದರೂ ಹೋಗಬೇಕಾದರೆ ನಾನು ನಾಚಿಕೆಯಿಂದ ಎರಡು ಹೆಜ್ಜೆ ಹಿಂದೆ ನಡೆದವಳು. ಆ ಬಾಯಿಯೇ ಇವತ್ತು ನನ್ನ ಕೈ ಉಳಿಸಿತ್ತು. ನನಗೆ ಅವರ ಮೇಲೆ ಬಂದ ಪ್ರೀತಿ, ಕೃತಜ್ಞತೆ ಇಷ್ಟು ಅಷ್ಟು ಎಂದು ಹೇಳಲಾರೆ. "ತುಂಬಾ ಉಪಕಾರ ಆಯ್ತು ಅಕ್ಕ" ಎಂದೆ. "ಮೊದ್ಲು ಉಪ್ಪಿನಕಾಯಿ ನೆಂಚ್ಕೋ" ಎಂದರು.

ಎರಡು ದಿನ ಬಿಟ್ಟು ಥೆರಪಿಗೂ ಅವರೇ ಕರೆದುಕೊಂಡು ಹೋದರು. ಅಲ್ಲಿಯೂ ನನ್ನ 'ಎರಡು' ನೋವಿನ ಬಂಡವಾಳವನ್ನೆಲ್ಲ ಬಯಲು ಮಾಡಿದರು. ಥೆರಪಿಯಾಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ದೇವರೇ, ನಾನು ಎಷ್ಟು ಎಳೆದೆ!" ಎಂದು ನನ್ನನ್ನು ಅಪ್ಪಿಕೊಂಡರು. ಆಮೇಲೆ ಕೈಯನ್ನು ಎಷ್ಟು ಹಗುರವಾಗಿ ನಡೆಸಿದರೆಂದರೆ, ಅದು ನನ್ನದೇ ಕೈಯೇ ಎಂದು ಅನುಮಾನ ಬಂತು. "ಇದನ್ನು ಮನೆಯಲ್ಲೂ ಮಾಡಬೇಕು. ನೀವೂ ಕಲಿತುಕೊಂಡು ಜೊತೆಗೆ ಮಾಡಿಸಿ," ಎಂದರು ಅಕ್ಕನಿಗೆ. ಇಬ್ಬರನ್ನೂ ದೊಡ್ಡ ಕನ್ನಡಿಯ ಮುಂದೆ ನಿಲ್ಲಿಸಿದರು.

"ಎರಡೂ ಕೈ ನಿಧಾನವಾಗಿ ಮೇಲಕ್ಕೆ," ಎಂದರು.

ನನ್ನ ಬಲಗೈ ಹೆಚ್ಚು ಕಡಿಮೆ ಕಿವಿಯ ತನಕ ಬಂತು! ತೋರಿಸೋಣವೆಂದು ಕನ್ನಡಿಯಲ್ಲಿ ಅಕ್ಕನ ಕಡೆ ನೋಡಿದೆ. ಅವರ ಬಲಗೈ ನೆಟ್ಟಗೆ ಮೇಲಿತ್ತು. ಎಡಗೈ ಎದೆಯ ಮಟ್ಟದಲ್ಲೇ ನಿಂತಿತ್ತು. ಅದನ್ನು ಇನ್ನೂ ಎತ್ತಲು ಹೋಗಿ ಅವರ ಭುಜ ಕಿವಿಗೆ ಅಂಟಿಕೊಂಡಿತ್ತು.

"ಅಕ್ಕ, ಎಡಗೈಗೆ ಏನಾಗಿದೆ?"

"ಅದು ಹಳೇದು, ಬುಡು. ನಿಂದು ಮಾಡು."

"ಯಾವಾಗಿಂದ?"

"ನೀನು ಮದ್ವೆಯಾಗಿ ಬಂದ್ಯಲ್ಲ, ಆ ವರ್ಷ."

ಆ ವರ್ಷ ನಾನು ಎಂಟು ತಿಂಗಳು ಅವರ ಮನೆಯಲ್ಲೇ ಇದ್ದೆ. ಮೇಲಿನ ಕಪಾಟಿನಿಂದ ಪಾತ್ರೆ ತೆಗೆದುಕೊಡು ಬಾ ಎಂದು ದಿನಕ್ಕೆ ಹತ್ತು ಸಲ ನನ್ನನ್ನು ಕೂಗುತ್ತಿದ್ದರು. ಹೊಸದಾಗಿ ಬಂದವಳ ಮೇಲೆ ಎಂಥ ದರ್ಬಾರು ಎಂದು ನಾನು ಊರಿನಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ದೂರು ಹೇಳಿದ್ದೆ. ಒಂದು ದಿನವೂ, ಯಾಕೆ ಎಂದು ಕೇಳಿರಲಿಲ್ಲ.

"ಡಾಕ್ಟರಿಗೆ ತೋರಿಸ್ಲಿಲ್ವಾ?"

"ಹೋಗಿದ್ದೆ ಒಂದ್ಸಲ. ಎಳೆದ್ರು. ಪ್ರಾಣ ಹೋಯ್ತು. ಹೆಂಗದೆ ಅಂದ್ರು, ಚೆಂದಾಗದೆ ಅಂದು ಎದ್ದು ಬಂದೆ. ಆಮೇಲೆ ಹೋಗ್ಲಿಲ್ಲ." ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. "ಆಗ ನಂಗೂ ಬಾಯಿರ್ಲಿಲ್ಲ ಕಣಮ್ಮಿ."

ನಾನು ಹತ್ತಿರ ಹೋಗಿ ಅವರ ಎಡ ಮೊಣಕೈಯ ಕೆಳಗೆ ನನ್ನ ಅಂಗೈ ಇಟ್ಟೆ. ಥೆರಪಿಯಾಕೆ ಪಕ್ಕಕ್ಕೆ ಬಂದು ನಿಂತರು.

"ನೋಯ್ತಿದೆಯಾ ಅಕ್ಕ?"

"ಏನಿಲ್ಲ ಬುಡು."

ನಾನು ಕೈ ತೆಗೆಯಲಿಲ್ಲ. "ನೋಯ್ತಿದೆಯಾ?"

"ಇಲ್ಲ ಕಣೇ, ಎಂತದೂ ಇಲ್ಲ."

"ಅಕ್ಕ, ನೋಯ್ತಿದೆಯಾ?"

ಅವರ ತೋಳು ನನ್ನ ಅಂಗೈ ಮೇಲೆ ಮೆಲ್ಲಗೆ ಇಳಿಯಿತು. ನಗು ಹೋಗಿ, ಚಿಕ್ಕ ಮಗುವಿನ ಹಾಗೆ ತುಟಿ ಅದುರಿತು.

"ಬಾಳ ನೋಯ್ತದೆ ಕಣಮ್ಮಿ," ಎಂದರು.